ಕಾವಲು ಕೊಕ್ಕರೆ

"ಪ್ಲಗ್ ತೆಗೀರಿ... ಮೊದಲು ಪ್ಲಗ್ ತೆಗೀರಿ!"

ಅವಳು ತಲೆಯೆತ್ತುವಷ್ಟರಲ್ಲಿ ಆ ಗಂಡಸು ಶೆಡ್ಡಿನ ಬಾಗಿಲು ದೂಡಿಕೊಂಡು ಒಳಗೆ ಬಂದೇಬಿಟ್ಟಿದ್ದ. ನೆಲದ ಮೇಲೆ ಹರಡಿದ್ದ ಪೈಪಿನ ತುಂಡುಗಳನ್ನು ದಾಟಿ, ಗೋಡೆಯ ಬಳಿ ಹೋಗಿ ವೈರು ಹಿಡಿದು ಎಳೆದ. ಮೇಜಿನ ಮೇಲೆ ಕಬ್ಬಿಣದ ಕಾಲಿಗೆ ಕಟ್ಟಿ ನಿಲ್ಲಿಸಿದ್ದ ಹೀಟ್ ಗನ್ನು ಬಿಸಿಗಾಳಿ ಊದುವುದನ್ನು ನಿಲ್ಲಿಸಿ ತಣ್ಣಗಾಯಿತು.

ಅವಳು ತಣ್ಣಗಾಗಲಿಲ್ಲ.

"ಯಾರ್ರೀ ನೀವು? ಯಾರನ್ನ ಕೇಳಿ ಒಳಗೆ ಬಂದ್ರಿ?"

"ಬೆಂಕಿ ಹತ್ತಿಕೊಂಡಿದೆ ಅಂದ್ಕೊಂಡೆ. ಅಷ್ಟು ಹೊಗೆ..."

"ಹೊಗೆ ಬಂದ್ರೆ ಪೈಪು ಸ್ವಲ್ಪ ಸುಟ್ಟಿದೆ ಅಂತ. ಮನೆ ಸುಟ್ಟಿದೆ ಅಂತಲ್ಲ. ಈಗ ಇದನ್ನ ನೋಡಿ."

ಗ್ಲೌಸ್ ತೊಟ್ಟ ಅವಳ ಎರಡು ಕೈಗಳ ನಡುವೆ ಒಂದು ಸಣ್ಣ ಪ್ಲಾಸ್ಟಿಕ್ ಪೈಪು ಅರ್ಧ ಬಾಗಿ ನಿಂತಿತ್ತು. ಅದು ಕೊಕ್ಕರೆಯ ಕತ್ತಾಗಬೇಕಿತ್ತು. ಒಳಗೆ ಮರಳು ತುಂಬಿ, ಎರಡೂ ಬಾಯಿ ಬಿಗಿದು, ಹದವಾಗಿ ಕಾಯಿಸಿ, ಪೈಪು ಮೆತ್ತಗಾದ ಗಳಿಗೆಯಲ್ಲೇ ಬಾಗಿಸಬೇಕು. ಗಳಿಗೆ ತಪ್ಪಿದರೆ ಪೈಪು ಹಟ ಹಿಡಿಯುತ್ತದೆ. ಈಗ ಹಿಡಿದಿತ್ತು. ಮೇಲಿನ ಬಾಗು ಬಂದಿತ್ತು, ಕೆಳಗಿನದು ಬಂದಿರಲಿಲ್ಲ. ಕೊಕ್ಕರೆಯ ಕತ್ತು ಹೋಗಿ ಊರುಗೋಲಿನ ಹಿಡಿಯಾಗಿತ್ತು.

"ಮತ್ತೆ ಕಾಯಿಸಿದರೆ ಆಗಲ್ವಾ?" ಅವನು ಮೆಲ್ಲಗೆ ಕೇಳಿದ.

"ಸುಟ್ಟು ಕಪ್ಪಾದ ಜಾಗ ಬಾಗಲ್ಲ. ಮುರಿಯುತ್ತೆ."

ಆಗ ಮುಂದಿನ ಅಂಗಡಿಯಿಂದ ಅವಳ ಅಣ್ಣ ಓಡಿ ಬಂದ. ಪೈಪು, ನಲ್ಲಿ, ವಾಷರುಗಳ ಅಂಗಡಿ ಅವನದು. ಅಂಗಡಿಯ ಬೆನ್ನಿಗೆ ಅಂಟಿಕೊಂಡ ಈ ಶೆಡ್ಡು ತಂಗಿಯದು. ಅಂಗಡಿಯಲ್ಲಿ ಉಳಿದ ತುಂಡು ಪೈಪುಗಳೆಲ್ಲ ಇಲ್ಲಿಗೆ ಬಂದು ಹಕ್ಕಿಗಳಾಗುತ್ತಿದ್ದವು, ಜಿಂಕೆಗಳಾಗುತ್ತಿದ್ದವು, ಬಾಡದ ಹೂಗಳಾಗಿ ಯಾರ್ಯಾರದೋ ಅಂಗಳ ಸೇರುತ್ತಿದ್ದವು.

"ಲೇ ಕೊಕ್ಕರೆ, ಗಿರಾಕಿ ಜೊತೆ ಜಗಳ ಆಡ್ತಿದ್ದೀಯಾ?" ಉದ್ದ ಕತ್ತಿನ ತಂಗಿಗೆ ಅವನು ಚಿಕ್ಕಂದಿನಲ್ಲೇ ಇಟ್ಟ ಹೆಸರು ಅದು. "ಇವರು ಆಸ್ಪತ್ರೆ ತೋಟದವರು. ಗಿಡಕ್ಕೆ ನೀರು ಬಿಡೋ ಪೈಪು ತಗೊಳ್ಳೋಕೆ ಬಂದಿದ್ದಾರೆ."

"ತಗೊಂಡು ಹೋಗಲಿ. ನನ್ನ ಪೈಪು ಯಾಕೆ ಕೆಡಿಸಬೇಕು?"

ತೋಟಗಾರನ ಕಣ್ಣು ಅವಳ ತಲೆಯ ಮೇಲಿನ ಹಲಗೆಗೆ ಹೋಗಿ ಅಲ್ಲೇ ನಿಂತಿತ್ತು.

ಅಲ್ಲಿ ಒಂದು ಕೊಕ್ಕರೆ ಇತ್ತು. ಸೊಂಟದೆತ್ತರಕ್ಕೆ ಸ್ವಲ್ಪ ಕಡಿಮೆ. ಒಂದು ಕಾಲು ಹಲಗೆಗೆ ಊರಿ, ಇನ್ನೊಂದು ಎತ್ತಿ ಇಡುವ ಯೋಚನೆಯಲ್ಲಿ. ರೆಕ್ಕೆಗಳು ಬೆನ್ನಿನ ಮೇಲೆ ಮಡಿಸಿದ ಕೊಡೆಯ ಹಾಗೆ. ಅದು ಹಾರಿಬಂದು ಈಗ ತಾನೇ ಕೂತಿದೆಯೋ, ಇನ್ನೇನು ಹಾರಲಿದೆಯೋ ಎಂದು ಹೇಳುವುದು ಕಷ್ಟವಿತ್ತು.

"ಅದನ್ನ ಕೊಡ್ತೀರಾ?" ಎಂದ.

"ಇಲ್ಲ."

ಒಂದೇ ಮಾತು. ಅಣ್ಣನೂ ಈ ಬಾರಿ ತಮಾಷೆ ಮಾಡಲಿಲ್ಲ. ಆ ಕೊಕ್ಕರೆಯನ್ನು ಮಾಡಿದವರು ಅಪ್ಪ. ಊರಿನವರಿಗೆಲ್ಲ ಅವರು ನಲ್ಲಿ ಮೇಷ್ಟ್ರು. ಸೋರುವ ನಲ್ಲಿ ಎಲ್ಲೇ ಇರಲಿ, ಅವರ ಕೈ ತಾಗಿದರೆ ನಿಲ್ಲುತ್ತಿತ್ತು. ಹೋದ ವರ್ಷ ದೇವರು ಅವರನ್ನು ಕರೆದುಕೊಂಡ. ಅವರು ಕಡೆಯದಾಗಿ ಮಾಡಿದ್ದು ಆ ಹಕ್ಕಿ.

* * *

ತೋಟಗಾರ ಮರುದಿನವೂ ಬಂದ. ಕೆಡಿಸಿದ ಕತ್ತಿಗೆ ಬದಲಾಗಿ ಹೊಸ ಪೈಪು ಕೊಂಡು ತಂದಿದ್ದ. ಅದನ್ನೂ ಅಣ್ಣನ ಅಂಗಡಿಯಲ್ಲೇ ಕೊಂಡಿದ್ದ!

"ನಮ್ಮ ಪೈಪು ನಮಗೇ ಉಡುಗೊರೆ," ಎಂದಳು ಅತ್ತಿಗೆ, ಬಾಗಿಲಲ್ಲಿ ನಿಂತು. "ಇವರು ಬುದ್ಧಿವಂತರು ಕಣೆ. ಸಾಗಿಸೋ ಖರ್ಚೂ ಇಲ್ಲ."

ಅವಳಿಗೆ ನಗು ಬಂತು. ತಡೆದುಕೊಂಡಳು.

ಅವನು ಬಂದ ಕಾರಣ ಹೇಳಿದ. ಆಸ್ಪತ್ರೆಯ ಹಿಂದೆ ಒಂದು ಕೊಳವಿದೆ. ಕಾಯಿಲೆಯವರು ಸಂಜೆ ಅಲ್ಲಿ ಕೂತು ಮೀನುಗಳಿಗೆ ಬ್ರೆಡ್ಡಿನ ಚೂರು ಹಾಕುತ್ತಾರೆ. ಕೆಲವರಿಗೆ ದಿನದಲ್ಲಿ ಅದೊಂದೇ ಕೆಲಸ, ಅದೊಂದೇ ಸಂತೋಷ. ಈಗ ನಿಜವಾದ ಕೊಕ್ಕರೆಗಳು ಬಂದು ಮೀನುಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋಗುತ್ತಿವೆ. ಕೊಕ್ಕರೆಗೆ ಒಂದು ಸ್ವಭಾವವಿದೆ. ನೀರಿನ ಬದಿಯಲ್ಲಿ ಇನ್ನೊಂದು ಕೊಕ್ಕರೆ ಮೊದಲೇ ನಿಂತಿದ್ದರೆ, ಅದರ ಜಾಗ ಅದಕ್ಕೆ ಎಂದು ದೂರ ಹೋಗುತ್ತದೆ.

"ಮನುಷ್ಯರಿಗಿಂತ ಮೇಲು," ಎಂದಳು ಅತ್ತಿಗೆ.

"ಹಾಗಾಗಿ ಒಂದು ಕಾವಲು ಕೊಕ್ಕರೆ ಬೇಕು," ಎಂದ ಅವನು. "ಮಾಡಿ ಕೊಡ್ತೀರಾ?"

ಅವಳು ಒಪ್ಪಿದಳು. ಕೆಲಸ ನೋಡಲು ಅವನು ಆಗಾಗ ಸಂಜೆ ಬಂದು ಶೆಡ್ಡಿನ ಹೊಸ್ತಿಲಲ್ಲಿ ಕೂರತೊಡಗಿದ. ಏನನ್ನೂ ಮುಟ್ಟಬಾರದು ಎಂಬ ಷರತ್ತಿತ್ತು. ಮುಟ್ಟಲಿಲ್ಲ.

ಆದರೆ ಕೊಕ್ಕರೆ ಬರಲಿಲ್ಲ. ಆಮೆ ಬಂತು, ಬಾತುಕೋಳಿ ಬಂತು, ಕೊಕ್ಕರೆ ಮಾತ್ರ ಕೆಟ್ಟು ಕೆಟ್ಟು ಮೂಲೆ ಸೇರಿತು. ಈ ಕೆಲಸ ಇಬ್ಬರದು. ಮೊದಲಾದರೆ ಅಪ್ಪ ಗನ್ನು ಹಿಡಿದು ಕಾಯಿಸುತ್ತಿದ್ದರು, ಅವಳು ಗ್ಲೌಸ್ ತೊಟ್ಟು ಬಾಗಿಸುತ್ತಿದ್ದಳು. ಈಗ ಗನ್ನನ್ನು ಕಬ್ಬಿಣದ ಕಾಲಿಗೆ ಕಟ್ಟಿ ಒಬ್ಬಳೇ ಮಾಡುತ್ತಿದ್ದಳು. ಕಬ್ಬಿಣಕ್ಕೆ ಕಣ್ಣಿಲ್ಲ. ಯಾವಾಗ ಹಿಂದೆ ಸರಿಯಬೇಕು ಎಂದು ಅದಕ್ಕೆ ತಿಳಿಯುವುದಿಲ್ಲ.

'ಇವನನ್ನು ಕರೆದು ಗನ್ನು ಹಿಡಿ ಎಂದರೆ?' ಎಂದು ಒಮ್ಮೆ ಅವಳ ಮನಸ್ಸಿಗೆ ಬಂತು. ಕೂಡಲೇ ಕಬ್ಬಿಣದ ಕಾಲನ್ನೇ ಹತ್ತಿರ ಎಳೆದುಕೊಂಡಳು. ಅದು ಅಪ್ಪ ನಿಲ್ಲುತ್ತಿದ್ದ ಜಾಗ...

ಮನೆಯಲ್ಲಿ ಬೇರೊಂದು ಮಾತು ನಡೆಯುತ್ತಿತ್ತು. ಟೈಲ್ಸ್ ಅಂಗಡಿಯವರು ತಮ್ಮ ಮಗನಿಗೆ ಅವಳನ್ನು ಕೇಳಿದ್ದರು.

"ಪೈಪಿನವರಿಗೂ ಟೈಲ್ಸಿನವರಿಗೂ ಸಂಬಂಧ ಕೂಡಿದರೆ ಊರಿನ ಬಚ್ಚಲೆಲ್ಲ ನಮ್ಮದೇ," ಎಂದ ಅಣ್ಣ.

"ನಾನೇನು ಬಚ್ಚಲಾ?"

"ಯೋಚನೆ ಮಾಡಿ ಹೇಳು ಮಾರಾಯ್ತಿ. ಬಲವಂತ ಇಲ್ಲ. ಆದರೆ ಅವರು ಉತ್ತರಕ್ಕೆ ಕಾಯ್ತಿದ್ದಾರೆ."

ಯೋಚನೆ ಮಾಡಿದಳು. ಆದರೆ ಟೈಲ್ಸ್ ಅಂಗಡಿಯ ಹುಡುಗನ ಮುಖ ನೆನಪಿಗೇ ಬರಲಿಲ್ಲ. ಬಂದದ್ದು ಹೊಸ್ತಿಲಲ್ಲಿ ಕೂತು, ಉಗುರಿನ ಮಣ್ಣು ಕೀಳುತ್ತ, ಅವಳ ಕೈಗಳನ್ನೇ ನೋಡುವ ಒಬ್ಬನ ಮುಖ.

ಒಂದು ಬೆಳಿಗ್ಗೆ ಅವಳು ಹಲಗೆಯ ಮೇಲಿನ ಕೊಕ್ಕರೆಯನ್ನು ಕೆಳಗಿಳಿಸಿದಳು. ಒದ್ದೆ ಬಟ್ಟೆಯಿಂದ ಒರೆಸಿದಳು. ಅಪ್ಪನನ್ನು ನೆನೆದು ಕೈಮುಗಿದಳು. ಆಮೇಲೆ ಅದನ್ನು ಮಗುವಿನ ಹಾಗೆ ಹೊತ್ತುಕೊಂಡು ಆಸ್ಪತ್ರೆಯ ತೋಟಕ್ಕೆ ಹೋದಳು.

ತೋಟಗಾರ ಕುಡುಗೋಲು ಕೆಳಗಿಟ್ಟು ಎದ್ದು ನಿಂತ.

"ಹೊಸದು ಆಗೋವರೆಗೆ ಇದು ಇರಲಿ," ಎಂದಳು. "ಕೊಟ್ಟಿದ್ದಲ್ಲ. ಕಾಯೋಕೆ ಬಿಟ್ಟಿದ್ದು."

"ಗೊತ್ತು."

"ಇದು ಅಪ್ಪನ ಕೈ. ನನಗೆ ಉಳಿದಿರೋದು ಇಷ್ಟೇ."

"ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಳ್ತೀನಿ."

ಅವಳು ತಲೆಯಾಡಿಸಿ ಹಿಂದಿರುಗಿದಳು. ತಾನು ಹಕ್ಕಿಯೊಂದನ್ನೇ ಒಪ್ಪಿಸಿ ಬರಲಿಲ್ಲ ಎಂದು ಅವಳಿಗೆ ದಾರಿಯಲ್ಲಿ ತಿಳಿಯಿತು. ಅವನಿಗೆ ಅದು ಅವಳ ಕಣ್ಣಲ್ಲೇ ತಿಳಿದಿತ್ತು.

* * *

ಕೊಕ್ಕರೆ ತನ್ನ ಕೆಲಸ ಮಾಡಿತು. ನಿಜವಾದ ಕೊಕ್ಕರೆಗಳು ಮೇಲೆ ಒಂದು ಸುತ್ತು ಹಾಕಿ, ಕೆಳಗೆ ನಿಂತ ತಮ್ಮ ಬಿಳಿಯ ನೆಂಟನನ್ನು ನೋಡಿ ದಾರಿ ಬದಲಿಸಿದವು. ಮೀನುಗಳು ಉಳಿದವು.

ಅದೇ ವೇಳೆಗೆ ಆಸ್ಪತ್ರೆಯ ಹೊಸ ಕಟ್ಟಡದ ಕೆಲಸ ಮುಗಿದು, ಮುಂದೆ ಕಟ್ಟಿದ್ದ ಗೋಣಿಯ ಪರದೆ ಇಳಿಯಿತು. ಒಳಗಿದ್ದದ್ದು ದೊಡ್ಡ ಗಾಜಿನ ಗೋಡೆ. ಮಧ್ಯಾಹ್ನವಾದರೆ ಅದು ಬಿಸಿಲನ್ನು ಹಿಡಿದು ಕೊಳದ ಬದಿಗೆ ಎಸೆಯುತ್ತಿತ್ತು.

ತೋಟಗಾರನಿಗೆ ಅದು ಮೊದಲು ಕಂಡದ್ದು ಹುಲ್ಲಿನಲ್ಲಿ. ಉದ್ದಕ್ಕೆ ಪಟ್ಟಿ ಎಳೆದ ಹಾಗೆ ಹುಲ್ಲು ಕೆಂಪಾಗಿತ್ತು. ಅವನು ಕೂಡಲೇ ಆ ಪಟ್ಟಿಯಲ್ಲಿದ್ದ ಹೂಕುಂಡಗಳನ್ನೆಲ್ಲ ಎತ್ತಿ ನೆರಳಿಗೆ ಇಟ್ಟ. ಎಳೆಯ ಗಿಡಗಳಿಗೆ ಚಪ್ಪರ ಕಟ್ಟಿದ. ಒಂದು ಸಣ್ಣ ಸಸಿಯನ್ನು ಬೇರು ಸಮೇತ ಬಿಡಿಸಿ ಬೇರೆಡೆ ನೆಟ್ಟ. ಜೀವವಿರುವುದನ್ನೆಲ್ಲ ಉಳಿಸಿದ.

ಕೊಕ್ಕರೆಯನ್ನು ಅಲ್ಲೇ ಬಿಟ್ಟ. ಪೈಪಿನ ಹಕ್ಕಿಗೆ ಬಿಸಿಲೇನು ಮಾಡೀತು? ಗಿಡದೊಡನೆ ಬಾಳಿದವನಿಗೆ ಹಾಗೆಯೇ ತೋರಿತು.

ಮರುದಿನ ಮಧ್ಯಾಹ್ನ ಬಂದು ನೋಡಿದರೆ, ಹಕ್ಕಿಯ ಎಡ ರೆಕ್ಕೆ ಇಳಿಬಿದ್ದಿತ್ತು. ಒದ್ದೆ ಬಟ್ಟೆ ತೂಗಿದ ಹಾಗೆ.

ಸಂಜೆ ಅವಳು ನೋಡಲು ಬರುತ್ತೇನೆ ಎಂದಿದ್ದಳು...

'ಅವಳು ಮಾಡುವುದನ್ನು ಎಷ್ಟು ಸಲ ನೋಡಿದ್ದೇನೆ. ಕಾಯಿಸಿದರೆ ಮೆತ್ತಗಾಗುತ್ತದೆ. ಮೆತ್ತಗಾದ ಮೇಲೆ ಎತ್ತಿ ಹಿಡಿದರೆ ಸರಿ. ಅವಳಿಗೆ ತಿಳಿಯುವುದೇ ಇಲ್ಲ.'

ಆಸ್ಪತ್ರೆಯ ರಿಪೇರಿ ಕೋಣೆಯಿಂದ ಹೀಟ್ ಗನ್ನು ಕೇಳಿ ತಂದ. ಹಕ್ಕಿಯನ್ನು ತನ್ನ ಸಾಮಾನು ಕೋಣೆಗೆ ಒಯ್ದು, ಬಾಗಿಲು ಮುಂದೆ ಮಾಡಿ, ರೆಕ್ಕೆಗೆ ಮೆಲ್ಲಗೆ ಬಿಸಿಗಾಳಿ ತೋರಿಸಿದ. ಸುಡಬಾರದೆಂದು ದೂರದಿಂದಲೇ.

ರೆಕ್ಕೆ ಮೆತ್ತಗಾಯಿತು. ಮೆತ್ತಗಾಗಿ, ಮೇಲೇಳುವ ಬದಲು ಒಳಕ್ಕೆ ಸುರುಳಿಯಾಗತೊಡಗಿತು.

ಅವನು ಅದನ್ನು ಬೆರಳಿಂದ ಬಿಡಿಸಲು ನೋಡಿದ. ಕೈ ಸುಟ್ಟಿತು. ಇನ್ನಷ್ಟು ಕಾಯಿಸಿದರೆ ಬಿಡಿಸಿಕೊಳ್ಳಬಹುದೆಂದು ಇನ್ನಷ್ಟು ಕಾಯಿಸಿದ. ಎರಡು ರೆಕ್ಕೆಗಳೂ ಒಂದೇ ಹಾಳೆ. ದಪ್ಪ ಪೈಪೊಂದನ್ನು ಉದ್ದಕ್ಕೆ ಸೀಳಿ, ಕಾಯಿಸಿ, ಹಲಗೆಗಳ ನಡುವೆ ಒತ್ತಿ, ತಣಿಯುವವರೆಗೂ ಬಿಡದೆ ಹಿಡಿದು ಮಾಡಿದ ಹಾಳೆ. ಆ ಕೆಲಸವನ್ನು ಅವಳು ಬೆಳಗಿನ ಹೊತ್ತು ಮಾಡುತ್ತಿದ್ದಳು. ಅವನು ಬರುತ್ತಿದ್ದದ್ದು ಸಂಜೆ. ಒತ್ತಿ ಹಿಡಿಯಬೇಕೆಂಬುದನ್ನು ಅವನು ಕಂಡೇ ಇರಲಿಲ್ಲ.

ಎಡ ರೆಕ್ಕೆಯ ಹಿಂದೆಯೇ ಬಲ ರೆಕ್ಕೆಯೂ ಸುತ್ತಿಕೊಂಡಿತು. ಗರಿಗಳು ಒಂದರೊಳಗೊಂದು ಸೇರಿದವು. ಅವನ ಕಣ್ಣೆದುರೇ ರೆಕ್ಕೆಗಳು ಮತ್ತೆ ಪೈಪಾದವು.

ಗನ್ನು ಆರಿಸಿ ಅವನು ನೆಲಕ್ಕೆ ಕುಳಿತ.

* * *

ಸಂಜೆ ಅವಳು ಬಂದಳು. ಕೊಳದ ಬದಿ ಬರಿದಾಗಿತ್ತು.

"ಹಕ್ಕಿ ಎಲ್ಲಿ?"

ತೋಟಗಾರ ನೀರು ಬಿಡುತ್ತಿದ್ದ. ಸುಟ್ಟ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

"ಒಳಗೆ ಇಟ್ಟಿದ್ದೀನಿ."

"ಯಾಕೆ?"

"ಬಿಸಿಲು ಜಾಸ್ತಿ."

"ಬಿಸಿಲು ಇಳಿದಿದೆಯಲ್ಲ. ಒಂದು ಸಲ ನೋಡ್ತೀನಿ."

"ಇವತ್ತು ಬೇಡ."

ಅವನು ಅವಳ ಮುಖ ನೋಡುತ್ತಿರಲಿಲ್ಲ. ಇಷ್ಟು ದಿನ ಅವಳ ಕೈ ಬಿಟ್ಟು ಬೇರೆ ಕಡೆ ನೋಡದವನು ಈಗ ಗಿಡದ ಬುಡವನ್ನೇ ನೋಡುತ್ತಿದ್ದ. ನೀರು ತುಂಬಿ ಹರಿದು ಅವಳ ಚಪ್ಪಲಿ ಒದ್ದೆಯಾಯಿತು. ಅದೂ ಅವನಿಗೆ ಕಾಣಲಿಲ್ಲ.

"ಏನಾಗಿದೆ, ಹೇಳಿ."

"ಏನೂ ಆಗಿಲ್ಲ. ಸ್ವಲ್ಪ ಸಮಯ ಕೊಡಿ. ನಾನೇ ತಂದು ಕೊಡ್ತೀನಿ."

ಅವಳು ಮನೆಗೆ ಬಂದು ಶೆಡ್ಡಿನಲ್ಲಿ ಕೂತಳು. ತಲೆಯ ಮೇಲಿನ ಹಲಗೆಯಲ್ಲಿ ಧೂಳಿನ ನಡುವೆ ಹಕ್ಕಿಯ ಕಾಲಿದ್ದ ಜಾಗ ಮಾತ್ರ ಚೊಕ್ಕಟವಾಗಿತ್ತು.

ಆಮೇಲಿನ ದಿನಗಳಲ್ಲಿ ಅವನು ಶೆಡ್ಡಿನ ಕಡೆ ಸುಳಿಯಲಿಲ್ಲ. ಸುದ್ದಿ ಮಾತ್ರ ಬಂತು. ತಂದವನು ಅಣ್ಣ.

"ನಿನ್ನ ತೋಟದವನು ಮೇಲಿನ ಬೀದಿ ಅಂಗಡಿಯಲ್ಲಿ ಪೈಪು ಕೊಳ್ತಿದ್ದಾನಂತೆ."

"ಕೊಳ್ಳಲಿ. ಗಿಡಕ್ಕಿರಬೇಕು."

"ಗಿಡಕ್ಕೆ ಯಾರಾದರೂ ದಪ್ಪ ಪೈಪು ಕೊಳ್ತಾರೇನೆ? ನಾವು ರೆಕ್ಕೆಗೆ ಹಾಕ್ತೀವಲ್ಲ, ಅದೇ ಪೈಪು. ತಗಡು ಕತ್ತರಿ ಬೇರೆ ಕೊಂಡಿದ್ದಾನೆ." ಅಣ್ಣ ಧ್ವನಿ ತಗ್ಗಿಸಿದ. "ಅರ್ಥ ಆಗ್ಲಿಲ್ವಾ? ಅಪ್ಪನ ಕೊಕ್ಕರೆ ಬಿಚ್ಚಿ, ಅದನ್ನೇ ಅಚ್ಚು ಮಾಡ್ಕೊಂಡು, ತಾನೇ ಹಕ್ಕಿ ಮಾಡೋಕೆ ಕೂತಿದ್ದಾನೆ. ನೀನು ಕಾವಲಿಗೆ ಕೊಟ್ಟೆ. ಬೇಲಿನೇ ಎದ್ದು ಹೊಲ ಮೇಯ್ತು."

"ಅವರು ಅಂಥವರಲ್ಲ."

"ಹಾಗಾದರೆ ಯಾಕೆ ನಮ್ಮ ಅಂಗಡಿಗೆ ಬರ್ತಿಲ್ಲ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ ಮುಖ ತಪ್ಪಿಸಿಕೊಂಡು ಓಡಾಡೋದು ಯಾಕೆ?"

ಅವಳಿಗೆ ಆ ಸಂಜೆ ನೆನಪಾಯಿತು. ಹಿಂದಕ್ಕೆಳೆದ ಕೈ... ತಗ್ಗಿದ ಮುಖ... ಹೊಸ್ತಿಲಲ್ಲಿ ಕೂತು ಅವನು ನೋಡುತ್ತಿದ್ದದ್ದು ತನ್ನನ್ನೋ, ತನ್ನ ಕೈಕೆಲಸವನ್ನೋ?

ಈ ಪ್ರಶ್ನೆ ಅವಳನ್ನು ಒಳಗಿನಿಂದ ಕೊಯ್ಯಿತು. ಅವನು ಕದ್ದದ್ದು ಕೆಲಸವನ್ನಾದರೆ, ಅಪ್ಪನ ಕಡೆಯ ಹಕ್ಕಿಯನ್ನು ಕಳ್ಳನ ಕೈಗೆ ಇಟ್ಟು ಬಂದವಳು ತಾನೇ. ಕಣ್ಣು ಮುಚ್ಚಿದರೆ ಅಪ್ಪ ಎದುರಿಗೆ ಬಂದು ನಿಲ್ಲುತ್ತಿದ್ದರು. ಬೈಯುತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅತ್ತಿಗೆ ರಾತ್ರಿ ತಟ್ಟೆ ಇಡುತ್ತ ಮೆಲ್ಲಗೆ ಹೇಳಿದಳು. "ನಿನ್ನಣ್ಣ ನಾಳೆ ಸಂಜೆ ಟೈಲ್ಸ್‌ನವರಿಗೆ ಮಾತು ಕೊಡ್ತಾನೆ. ಬೇಡ ಅನ್ನೋದಾದರೆ ಅಷ್ಟರೊಳಗೆ ಹೇಳು. ಸಿಟ್ಟಲ್ಲಿ ಹೂಂ ಅನ್ನಬೇಡ. ಸಿಟ್ಟಲ್ಲಿ ಕೊಯ್ದ ತರಕಾರಿನೇ ಕೆಡುತ್ತೆ, ಇನ್ನು ಮದುವೆ."

* * *

ಮಾರನೆಯ ದಿನ ಇಳಿಹೊತ್ತಿಗೆ ಅವಳು ಆಸ್ಪತ್ರೆಯ ತೋಟಕ್ಕೆ ಹೋದಳು. ಹಕ್ಕಿ ತರುವುದು, ಹಿಂದಿರುಗಿ ಅಣ್ಣನಿಗೆ ಹೂಂ ಎನ್ನುವುದು. ದಾರಿಯುದ್ದಕ್ಕೂ ಇದನ್ನೇ ಜಪದ ಹಾಗೆ ಹೇಳಿಕೊಂಡಳು.

ಸಾಮಾನು ಕೋಣೆಯ ಬಾಗಿಲ ಸಂದಿಯಿಂದ ಆ ವಾಸನೆ ಬಂತು. ಸುಟ್ಟ ಪೈಪಿನ ಕಟು ವಾಸನೆ. ಅವಳಿಗೆ ಅದು ಮನೆಯ ಅಡುಗೆಯಷ್ಟು ಗುರುತು.

'ಅಣ್ಣ ಹೇಳಿದ್ದು ನಿಜ.'

ಬಾಗಿಲು ದೂಡಿದಳು.

ತೋಟಗಾರ ನೆಲದ ಮೇಲೆ ಕೂತಿದ್ದ. ಸುತ್ತ ಗುದ್ದಲಿ, ಗೊಬ್ಬರದ ಚೀಲಗಳ ನಡುವೆ ಪೈಪಿನ ರಾಶಿ. ಸುಟ್ಟು ಕಪ್ಪಾದವು, ಗುಳ್ಳೆ ಎದ್ದವು, ನಡುವೆ ಸೀಳಿದವು. ರೆಕ್ಕೆಯಾಗಲು ಹೊರಟು ಏನೂ ಆಗದವು. ಅವನ ಬಲಗೈಗೆ ಬಟ್ಟೆ ಸುತ್ತಿತ್ತು. ಎಡಗೈಯಲ್ಲಿ ಹೀಟ್ ಗನ್ನು.

ಅವಳನ್ನು ಕಂಡು ಅವನು ಗನ್ನು ಆರಿಸಿದ. ಎದ್ದೇಳಲಿಲ್ಲ.

"ಇಷ್ಟು ಸಂಜೆ ಹೊಸ್ತಿಲಲ್ಲಿ ಕೂತು ಕಲಿತ ವಿದ್ಯೆಗೆ ಇಷ್ಟು ಸಾಕು," ಎಂದಳು. "ಅಪ್ಪನ ಹಕ್ಕಿ ಕೊಡಿ. ಅಚ್ಚು ತೆಗೆದಾಗಿದ್ದರೆ ಇಟ್ಕೊಳ್ಳಿ. ಹಕ್ಕಿ ಕೊಡಿ."

"ಅಚ್ಚು?" ಅವನಿಗೆ ಅರ್ಥವಾಗಲಿಲ್ಲ.

"ಎಲ್ಲಿದೆ?"

ಅವನು ಮೂಲೆಗೆ ಕೈ ತೋರಿಸಿದ. ಅಲ್ಲಿ ಬಿಳಿ ಬಟ್ಟೆ ಹೊದಿಸಿದ ಏನೋ ಇತ್ತು. ಅವಳು ಬಟ್ಟೆ ಎಳೆದಳು.

ಕತ್ತು ಇತ್ತು. ಕಾಲುಗಳಿದ್ದವು. ಬೆನ್ನಿನ ಮೇಲೆ ರೆಕ್ಕೆಗಳಿರಲಿಲ್ಲ. ಅವು ಇದ್ದ ಕಡೆ ಸುರುಳಿ ಸುತ್ತಿದ ಒಂದು ಪೈಪು, ಬಣ್ಣ ಸಿಪ್ಪೆಯೆದ್ದು, ಹೊರೆಯ ಹಾಗೆ ಕೂತಿತ್ತು.

ಅವಳು ಮಂಡಿಯೂರಿ ಕುಳಿತಳು.

"ಬಿಸಿಲಿಗೆ ರೆಕ್ಕೆ ಇಳಿಬಿತ್ತು," ಎಂದ ಅವನು. ಮಾತು ಒಂದೊಂದಾಗಿ ಹೊರಬಂತು. "ಗಿಡ ಎಲ್ಲ ಎತ್ತಿ ನೆರಳಿಗೆ ಇಟ್ಟೆ. ಇದನ್ನ ಬಿಟ್ಟೆ. ಇದಕ್ಕೇನಾಗುತ್ತೆ ಅಂದ್ಕೊಂಡೆ. ಆಮೇಲೆ ನೀವು ನೋಡೋ ಮೊದಲು ಸರಿ ಮಾಡೋಣ ಅಂತ ಕಾಯಿಸಿದೆ. ಹೀಗಾಯ್ತು. ಇದು ಯಾಕೆ ಹೀಗಾಯ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ."

"ಪೈಪಿಗೆ ನೆನಪಿರುತ್ತೆ." ಅವಳು ಅವನ ಕಡೆ ನೋಡದೆ ಹೇಳಿದಳು. "ಎಷ್ಟೇ ಚಪ್ಪಟೆ ಮಾಡಿ, ಬಿಸಿ ತಾಗಿದರೆ ಹುಟ್ಟಿದ ಹಾಗೇ ಆಗೋಕೆ ನೋಡುತ್ತೆ. ಒತ್ತಿ ಹಿಡಿದಿರಬೇಕು."

"ನನಗೆ ತಿಳಿದಿರಲಿಲ್ಲ."

"ಕೇಳಬಹುದಿತ್ತು."

"ಕೇಳೋಕೆ ಹೇಳಬೇಕಿತ್ತು. ಹೇಳೋಕೆ ಹೆದರಿದೆ." ಅವನು ಸುಟ್ಟ ರಾಶಿಯನ್ನು ನೋಡಿದ. "ಮೊದಲು ಬೇರೆ ಪೈಪಿನಲ್ಲಿ ಕಲಿತು ಆಮೇಲೆ ಇದನ್ನ ಮುಟ್ಟೋಣ ಅಂತ... ಒಂದೂ ಬರಲಿಲ್ಲ. ನಿಮ್ಮ ಅಂಗಡಿಯಲ್ಲಿ ಕೊಂಡರೆ ಗೊತ್ತಾಗುತ್ತೆ ಅಂತ ಮೇಲಿನ ಬೀದಿಗೆ ಹೋದೆ."

ಅವಳಿಗೆ ಎಲ್ಲ ತಿಳಿಯಿತು. ತಿಳಿದರೂ ಎದೆಯ ಭಾರ ಇಳಿಯಲಿಲ್ಲ. ಕಳ್ಳನಲ್ಲ ಎಂದು ತಿಳಿದದ್ದು ಒಂದು. ಅಪ್ಪನ ರೆಕ್ಕೆ ಹೋದದ್ದು ಇನ್ನೊಂದು.

"ಹಕ್ಕಿಗಾಗಿ ನಾನು ಒಂದು ದಿನ ಅಳುತ್ತಿದ್ದೆ," ಎಂದಳು. "ಆ ಸಂಜೆಯೇ ಹೇಳಿದ್ದರೆ, ಇಲ್ಲೇ ಕೂತು ಅತ್ತು ಎದ್ದು ಹೋಗ್ತಿದ್ದೆ. ನೀವು ಮುಖ ತಿರುಗಿಸಿದಿರಲ್ಲ... ಅದಕ್ಕೆ ದಿನಾ ಅತ್ತಿದ್ದೀನಿ. ನಿಮ್ಮನ್ನ ಕಳ್ಳ ಅಂತ ನಂಬೋಕೆ ಹೊರಟಿದ್ದೆ. ಗೊತ್ತಾ?"

ಅವನ ಕಣ್ಣು ತುಂಬಿತು. "ಅದೂ ನನ್ನದೇ ತಪ್ಪು."

ಅವಳು ಸುರುಳಿಯನ್ನು ಹಕ್ಕಿಯ ಬೆನ್ನಿನಿಂದ ಬಿಡಿಸಿ ಕೈಗೆತ್ತಿಕೊಂಡು ತಿರುಗಿಸಿದಳು. ಬೆರಳಿಗೆ ಗರಿಗಳ ಅಂಚು ತಾಗಿತು. ಒಂದೊಂದು ಗರಿಯ ನಡುವಿನ ಸೀಳು ಹಾಗೇ ಇತ್ತು, ನೇರವಾಗಿ, ಎಲ್ಲೂ ಅಳುಕದೆ. ಬಣ್ಣ ಎದ್ದ ಕಡೆ ಸಣ್ಣ ಗೆರೆಯೊಂದು ಕಂಡಿತು. ಅಪ್ಪನ ಪೆನ್ಸಿಲ್ ಗೆರೆ. ಬಣ್ಣ ಬಳಿದ ಮೇಲೆ ಅದನ್ನು ಅವಳು ಮತ್ತೆ ನೋಡಿಯೇ ಇರಲಿಲ್ಲ.

ಕೈ ನಿಂತಿತು.

ಆ ದಿನ ಕಣ್ಣೆದುರು ಬಂತು. ಅಪ್ಪನಿಗೆ ಆಗಲೇ ನಿಲ್ಲಲು ತ್ರಾಣವಿರಲಿಲ್ಲ. ಸ್ಟೂಲಿನ ಮೇಲೆ ಕೂತೇ ಗೆರೆ ಎಳೆದರು, ಕತ್ತರಿಸಿದರು, ಗನ್ನು ಹಿಡಿದರು. ಬಾಗಿಸಿದ್ದು? ಎಂದಿನ ಹಾಗೆ ಅವಳೇ. "ಎಡ ರೆಕ್ಕೆ ಸ್ವಲ್ಪ ಮೇಲೆ ಮಾಡು ಮಗಳೇ, ಹಕ್ಕಿಗೆ ಸೋಮಾರಿತನ ಬಂದ ಹಾಗಿದೆ," ಎಂದು ನಕ್ಕಿದ್ದರು. ಒತ್ತಿ ಹಿಡಿದದ್ದು ಅವಳು. ತಣಿಯುವವರೆಗೂ ಬಿಡದಿದ್ದದ್ದು ಅವಳು. ಅಪ್ಪ ಹೋದ ಮೇಲೆ ಅಪ್ಪನ ಹಕ್ಕಿ, ಅಪ್ಪನ ಹಕ್ಕಿ ಎಂದು ಹೇಳಿ ಹೇಳಿ, ಅದರಲ್ಲಿ ತನ್ನ ಕೈಯೂ ಇತ್ತೆಂಬುದನ್ನೇ ಮರೆತಿದ್ದಳು.

"ನೀವು ಕೆಡಿಸಿದ್ದು ನನ್ನ ಕೆಲಸ," ಎಂದಳು ನಿಧಾನವಾಗಿ. "ಅಪ್ಪನದು ಹಾಗೇ ಇದೆ."

"ಏನು?"

"ಇಲ್ಲಿ ನೋಡಿ. ಕತ್ತರಿಸಿದ್ದು ಅಪ್ಪ. ಒಂದು ಗರಿಯೂ ಹರಿದಿಲ್ಲ. ಸುಟ್ಟಿಲ್ಲ. ದೂರದಿಂದ ಕಾಯಿಸಿದ್ದೀರಿ, ಅಷ್ಟು ಮಾತ್ರ ಬುದ್ಧಿ ಇತ್ತು. ಬಾಗಿಸಿದ್ದು ನಾನು. ಹೋಗಿರೋದು ಬಾಗು ಮಾತ್ರ."

ಅವಳು ಕಣ್ಣೊರೆಸಿಕೊಂಡು ಎದ್ದಳು. ಗೋಡೆಗೆ ಒರಗಿಸಿದ್ದ ಹಲಗೆಗಳನ್ನು ನೆಲಕ್ಕೆ ಹಾಕಿದಳು. ಅವನ ತೋಟದ ಗ್ಲೌಸ್ ಎತ್ತಿ ತೊಟ್ಟಳು. ಅವು ದೊಡ್ಡದಾಗಿದ್ದವು.

"ಗನ್ನು ಹಿಡೀರಿ."

"ನಾನಾ? ಬೇಡ... ಮತ್ತೆ ಕೆಡಿಸ್ತೀನಿ."

"ಕೆಡಿಸಿದರೆ ಎದುರಿಗೇ ಕೆಡಿಸಿ. ಹಿಂದೆ ಬೇಡ."

ಅವನು ಗನ್ನು ಹಿಡಿದ. ಅವಳು ಹೇಳುತ್ತ ಹೋದಳು. "ದೂರ... ಇನ್ನೂ ದೂರ. ಒಂದೇ ಕಡೆ ನಿಲ್ಲಿಸಬೇಡಿ, ಆಡಿಸ್ತಾ ಇರಿ. ಅವಸರ ಬೇಡ. ಪೈಪಿಗೆ ಅವಸರ ಇಲ್ಲ, ನಮಗ್ಯಾಕೆ?"

ಸುರುಳಿ ಮೆತ್ತಗಾಯಿತು. ಅವಳು ಅಂಚು ಹಿಡಿದು ಬಿಡಿಸಿದಳು. ಅದು ಮತ್ತೆ ಮುಚ್ಚಿಕೊಳ್ಳಲು ನೋಡಿತು, ಅವಳು ಬಿಡಲಿಲ್ಲ. ಹಲಗೆಯ ಮೇಲೆ ಹರವಿ, ಇನ್ನೊಂದು ಹಲಗೆ ಇಟ್ಟು ಇಬ್ಬರೂ ಮೊಣಕಾಲೂರಿ ಒತ್ತಿದರು. ತಣಿದ ಮೇಲೆ ತೆಗೆದು ಮತ್ತೆ ಕಾಯಿಸಿ, ಈಗ ರೆಕ್ಕೆಯ ಬಾಗು. ಬಲ ರೆಕ್ಕೆ ಬಂತು. ಎಡ ರೆಕ್ಕೆಯನ್ನು ಅವಳು ಎರಡೂ ಕೈಯಲ್ಲಿ ಮೇಲಕ್ಕೆತ್ತಿ ಹಿಡಿದಳು.

ಆಗಲೇ ಅವಳ ಫೋನು ಬಡಿದುಕೊಂಡಿತು. ಗೊಬ್ಬರದ ಚೀಲದ ಮೇಲಿತ್ತು.

"ಅಣ್ಣ," ಎಂದಳು ಫೋನಿನ ಕಡೆ ನೋಡಿ. ಹೊರಗೆ ಸಂಜೆಯಾಗಿತ್ತು. ಮಾತು ಕೊಡುವ ಹೊತ್ತು. "ಕೈ ಬಿಡೋ ಹಾಗಿಲ್ಲ. ಬಿಟ್ಟರೆ ರೆಕ್ಕೆ ಬೀಳುತ್ತೆ. ಕಿವಿಗೆ ಹಿಡೀರಿ."

ತೋಟಗಾರ ಗನ್ನು ಕೆಳಗಿಟ್ಟು ಫೋನನ್ನು ಅವಳ ಕಿವಿಗೆ ಹಿಡಿದ. ಅಣ್ಣನ ಧ್ವನಿ ಇಬ್ಬರಿಗೂ ಕೇಳಿತು.

"ಎಲ್ಲಿದ್ದೀಯೇ? ಟೈಲ್ಸ್‌ನವರು ಬಂದು ಕೂತಿದ್ದಾರೆ. ಏನು ಹೇಳಲಿ?"

ಅವಳು ಕಣ್ಣೆತ್ತಿ ಅವನನ್ನು ನೋಡಿದಳು. ಫೋನು ಹಿಡಿದ ಕೈಗೆ ಸುತ್ತಿದ ಬಟ್ಟೆ ಬಿಚ್ಚಿ ಅವಳ ಕೆನ್ನೆಗೆ ತಾಗುತ್ತಿತ್ತು. ಬಟ್ಟೆಯಡಿ ಚರ್ಮ ಕೆಂಪಾಗಿ ಸುಲಿದಿತ್ತು.

"ಬೇಡ ಅಂತ ಹೇಳು ಅಣ್ಣ."

"ಏನು? ಬೇಡ ಅಂತಾನಾ? ನೀನಿರೋದೆಲ್ಲಿ?"

"ತೋಟದಲ್ಲಿ. ಅಪ್ಪನ ಹಕ್ಕಿ ರೆಕ್ಕೆ ಹಿಡ್ಕೊಂಡು ನಿಂತಿದ್ದೀನಿ. ಅವರು ಕಳ್ಳ ಅಲ್ಲ. ಪೆದ್ದ. ಮನೆಗೆ ಕರ್ಕೊಂಡು ಬರ್ತೀನಿ, ನೀನೇ ನೋಡು."

ಆ ಕಡೆಯಿಂದ ಈಗ ಅತ್ತಿಗೆಯ ಧ್ವನಿ. ಫೋನು ಕಸಿದುಕೊಂಡಿರಬೇಕು. "ನಿನ್ನಣ್ಣನಿಗೆ ಮಾತು ನಿಂತಿದೆ ಕಣೆ. ಇದು ಮುಂದೆ ಎಂದೂ ಆಗಲ್ಲ, ಸ್ವಲ್ಪ ಹೊತ್ತು ನಾನು ಅನುಭವಿಸ್ತೀನಿ. ನಿಧಾನವಾಗಿ ಬನ್ನಿ."

ಫೋನು ಆರಿತು. ತೋಟಗಾರ ಅದನ್ನು ಕೆಳಗಿಡುವುದನ್ನೂ ಮರೆತು ನಿಂತಿದ್ದ.

"ಈಗ ಹೇಳಿ," ಎಂದಳು ಅವಳು. "ಮೊದಲೇ ಹೇಳಬೇಕಾಗಿದ್ದು ಇನ್ನೇನಾದರೂ ಇದೆಯಾ? ಇವತ್ತೇ ಹೇಳಿಬಿಡಿ."

"ಇದೆ."

"ಏನು?"

"ನಾನು ಸಂಜೆ ಸಂಜೆ ಬರ್ತಿದ್ದದ್ದು ಕೊಕ್ಕರೆಗಾಗಿ ಅಲ್ಲ."

"ಮತ್ತೆ?"

"ನೀವು ಕೆಲಸ ಮಾಡುವಾಗ ಮೆಲ್ಲಗೆ ಮಾತಾಡ್ತೀರಿ, ಪೈಪಿನ ಜೊತೆ. 'ಬಾ, ಬಾ, ಇನ್ನೂ ಸ್ವಲ್ಪ ಬಾ' ಅಂತ. ನಿಮಗೇ ಗೊತ್ತಿಲ್ಲ. ಅದನ್ನ ಕೇಳೋಕೆ ಬರ್ತಿದ್ದೆ. ಅದು ನಿಂತುಹೋಗುತ್ತೆ ಅಂತ ಹೆದರಿ ಸುಳ್ಳು ಹೇಳಿದೆ."

ಅವಳು ತಲೆ ತಗ್ಗಿಸಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ದೇವರಿಗೆ ಗೊತ್ತು.

"ಮನೆಗೆ ಹೋದಾಗ ಅಣ್ಣ ಬೈತಾನೆ," ಎಂದಳು ಕಡೆಗೆ. "ಎಷ್ಟು ಬೈದರೂ ಮುಖ ತಿರುಗಿಸಬೇಡಿ."

"ಇಲ್ಲ."

"ಬೈದು ಮುಗಿಸಿ ಊಟಕ್ಕೆ ಏಳಿ ಅಂತಾನೆ. ಅದು ಅವನ ಅಭ್ಯಾಸ."

"ಅವರಿಗೆ ನಾನು ಏನು ಹೇಳಲಿ?"

"ನಿಜ ಹೇಳಿ."

"ಯಾವುದು ಮೊದಲು? ಹಕ್ಕಿ ಕೆಡಿಸಿದ್ದಾ... ತಂಗಿಯನ್ನ ಕೇಳೋಕೆ ಬಂದಿದ್ದಾ?"

"ಹಕ್ಕಿ ವಿಷಯ ನೀವು ಹೇಳಿ," ಎಂದಳು ಅವಳು. "ಇನ್ನೊಂದನ್ನ ನಾನೇ ಹೇಳ್ತೀನಿ."